ಕರ್ತನ ಕೈಗೂ ಕಟ್ಟುಂಟೆ?
(ಪ್ಲೇಟೋವಿನ ‘ಟಿಮೇಯಸ್’ ಮತ್ತು ಶರಣರ ಸೃಷ್ಟಿವಿಚಾರ)

ಪರಮಾತ್ಮನು ಪರಿಪೂರ್ಣನಾಗಿದ್ದರೆ ಅವನ ಸೃಷ್ಟಿಯಲ್ಲಿ ಕೊರತೆ ಏಕೆ ಕಾಣುತ್ತದೆ ಎಂಬ ಪ್ರಶ್ನೆ ಹೊಸದಲ್ಲ. ಆಸ್ತಿಕರೂ ನಾಸ್ತಿಕರೂ ಅದನ್ನು ಸಮಾನವಾಗಿ ಕೇಳಿದ್ದಾರೆ. ಆದರೆ ಅದರ ಮಗ್ಗುಲಲ್ಲಿಯೇ ಇನ್ನೊಂದು ಪ್ರಶ್ನೆಯುಂಟು. ಅದನ್ನು ಕೇಳಿದವರು ವಿರಳ. ಸೃಷ್ಟಿಗೆ ತೊಡಗಿದ ಕರ್ತನ ಪಕ್ಕದಲ್ಲಿ ನಾವು ನಿಂತು ನೋಡಿದರೆ ಅವನ ಮುಂದೆ ಯಾವ ಯಾವ ದಾರಿಗಳಿದ್ದುವು, ಒಂದನ್ನು ಹಿಡಿಯುವಾಗ ಮತ್ತೊಂದನ್ನು ಅವನು ಹೇಗೆ ಬಿಡಬೇಕಾಯಿತು, ಅವನ ಕೈ ಎಲ್ಲಿ ತಡೆಯಿತು? ಹೀಗೆ ಕೇಳುವುದು ಉದ್ಧಟತನವೆಂದು ಕೆಲವರಿಗೆ ತೋರಬಹುದು. ಕೇಳಿದವನು ಭಕ್ತಿಯಿಂದಲೇ ಕೇಳಿದ್ದರೆ ಅದು ಉದ್ಧಟತನವಾಗದು ಎಂಬುದಕ್ಕೆ ಗ್ರೀಸಿನ ಪ್ಲೇಟೋ ಮಹಾಶಯನು ಬರೆದ ‘ಟಿಮೇಯಸ್’ ಎಂಬ ಸಂವಾದವೇ ಸಾಕ್ಷಿ. ಕ್ರಿಸ್ತಪೂರ್ವ 4ನೆಯ ಶತಮಾನದ ಆ ಗ್ರಂಥದಲ್ಲಿ ಸೃಷ್ಟಿಕಥನ ಆರಂಭವಾಗುವುದು ದೇವತಾಪ್ರಾರ್ಥನೆಯಿಂದ. ಹೇಳುವವನು ಮನುಷ್ಯ, ಕೇಳುವವರೂ ಮನುಷ್ಯರು, ಆದುದರಿಂದ ಸಂಭವನೀಯವೆನ್ನಬಹುದಾದ ಕಥೆಗಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು ಎಂಬ ವಿನಯವೂ ಅಲ್ಲಿದೆ.

ನಾನು ಈ ಗ್ರಂಥವನ್ನು ಓದಿದ್ದು ವೃತ್ತಿಯಿಂದ ನಿವೃತ್ತನಾದ ಮೇಲೆ. ಅದೂ 1871ರಲ್ಲಿ ಪ್ರಕಟವಾದ ಜೋವೆಟ್ ಪಂಡಿತನ ಇಂಗ್ಲಿಷ್ ಅನುವಾದದಲ್ಲಿ. ಮೂಲಭಾಷೆ ನನಗೆ ಬಾರದು. ಆದುದರಿಂದ ಶಬ್ದಸೂಕ್ಷ್ಮಗಳ ಚರ್ಚೆಗೆ ಇಳಿಯದೆ ವಿಚಾರದ ನಡೆಯನ್ನು ಮಾತ್ರ ಹಿಡಿದು ಬರೆಯುತ್ತೇನೆ. ಮಧ್ಯಯುಗದ ಪಾಶ್ಚಾತ್ಯ ವಿದ್ವಾಂಸರಿಗೆ ಪ್ಲೇಟೋ ಎಂದರೆ ಬಹುಮಟ್ಟಿಗೆ ಈ ಗ್ರಂಥವೇ, ಅದೂ ಕಲ್ಸಿಡಿಯಸ್ಸನು ಲ್ಯಾಟಿನಿಗೆ ತಂದ ಅದರ ಪೂರ್ವಭಾಗವೇ ಆಗಿತ್ತು. ಚಿತ್ರಕಾರ ರಾಫೇಲನು 1509ರಿಂದ 1511ರ ಅವಧಿಯಲ್ಲಿ ಬರೆದ ‘ಅಥೆನ್ಸಿನ ವಿದ್ಯಾಪೀಠ’ದಲ್ಲಿ ಪ್ಲೇಟೋವಿನ ಕೈಯಲ್ಲಿರುವುದೂ ಇದೇ ಪುಸ್ತಕ.

ಪ್ಲೇಟೋವಿನ ಕರ್ತನು ಕುಶಲಕರ್ಮಿ. ಗ್ರೀಕರು ಬಡಗಿ, ಕಮ್ಮಾರ, ಕುಂಬಾರರಿಗೆ ಬಳಸುತ್ತಿದ್ದ ‘ಡೆಮಿಯುರ್ಗೋಸ್’ ಎಂಬ ಮಾತನ್ನೇ ಅವನು ದೇವರಿಗೆ ಬಳಸಿದ್ದಾನೆ. ಈ ಕರ್ತನು ಒಳ್ಳೆಯವನು, ಅವನಲ್ಲಿ ಮತ್ಸರವಿಲ್ಲ. ಎಲ್ಲವೂ ತನ್ನಂತೆಯೇ ಒಳ್ಳೆಯದಾಗಲಿ ಎಂದು ಬಯಸುವವನು. ಆದರೆ ಅವನು ಬರಿಗೈಯಿಂದ ಏನನ್ನೂ ಹುಟ್ಟಿಸುವುದಿಲ್ಲ. ಅವನ ಮುಂದೆ ಮೊದಲೇ ಮೂರು ವಸ್ತುಗಳಿವೆ. ಕಣ್ಣೆದುರಿಗೆ ಶಾಶ್ವತವಾದ ಒಂದು ಮಾದರಿ. ಕೈಯಡಿಯಲ್ಲಿ ಅಸ್ತವ್ಯಸ್ತವಾಗಿ ಅಲುಗಾಡುತ್ತಿರುವ ದ್ರವ್ಯ. ಅದೆಲ್ಲಕ್ಕೂ ತಾಣವಾದ, ಆಗುವಿಕೆಗೆ ದಾದಿಯಂತಿರುವ ಒಂದು ಆಶ್ರಯ. ದ್ರವ್ಯಕ್ಕೆ ತನ್ನದೇ ಆದ ಒಂದು ಹಟವಿದೆ. ಪ್ಲೇಟೋ ಅದನ್ನು ಅನಿವಾರ್ಯತೆ ಎಂದು ಕರೆಯುತ್ತಾನೆ, ಅಲೆಮಾರಿ ಕಾರಣವೆಂದೂ ಕರೆಯುತ್ತಾನೆ. ಕರ್ತನ ಬುದ್ಧಿಯು ಈ ಅನಿವಾರ್ಯತೆಯನ್ನು ಗದರಿಸಿ ಮಣಿಸುವುದಿಲ್ಲ, ಒಲಿಸಿಕೊಳ್ಳುತ್ತದೆ. ಒಲಿಯದೆ ಉಳಿದದ್ದು ಉಳಿಯುತ್ತದೆ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಅರ್ಥದ ಮಾತು ಆ ಗ್ರಂಥದಲ್ಲಿ ಎಷ್ಟು ಸಲ ಬರುತ್ತದೆಂದರೆ, ಅದನ್ನು ಕರ್ತನ ಅಂಕಿತವೆಂದು ಕರೆದರೂ ತಪ್ಪಾಗದು.

ಈ ಮಿತಿಯ ಕೆಲವು ನಿದರ್ಶನಗಳು ಅತ್ಯಂತ ರಮ್ಯವಾಗಿವೆ. ತಾನು ಮಾಡಿದ ಜಗತ್ತು ಮಾದರಿಯಂತೆಯೇ ನಿತ್ಯವಾಗಿರಲಿ ಎಂದು ಕರ್ತನಿಗೆ ಆಸೆ. ಆದರೆ ಹುಟ್ಟಿದ ವಸ್ತುವಿಗೆ ನಿತ್ಯತ್ವವನ್ನು ಪೂರ್ಣವಾಗಿ ತೊಡಿಸಲಾಗದು. ಆಗ ಅವನು ನಿತ್ಯತ್ವದ ಚಲಿಸುವ ಪ್ರತಿಬಿಂಬವೊಂದನ್ನು ಮಾಡುತ್ತಾನೆ, ಅದೇ ಕಾಲ. ನಾವು ಮೃತ್ಯುವಿನ ಬಂಟನೆಂದು ಹೆದರುವ ಕಾಲವು ಪ್ಲೇಟೋವಿನಲ್ಲಿ ಕೊಡಲಾಗದ್ದನ್ನು ಕೊಡಹೊರಟವನ ಬದಲಿ ಕಾಣಿಕೆ. ಇನ್ನೊಂದು ಕಡೆ ಕರ್ತನು ಕಿರಿಯ ದೇವತೆಗಳನ್ನು ಕರೆದು, ಮರ್ತ್ಯಜೀವಿಗಳನ್ನು ನೀವು ಮಾಡಿರಿ ಎಂದು ಒಪ್ಪಿಸುತ್ತಾನೆ. ಕಾರಣವೇನು? ಅವನೇ ಮಾಡಿದರೆ ಅವರೂ ದೇವತೆಗಳಿಗೆ ಸಮಾನರಾಗಿಬಿಡುವರು. ಮರ್ತ್ಯರಿಲ್ಲದ ಜಗತ್ತು ಅಪೂರ್ಣವಾಗುವುದು. ಕೈ ಅತಿಯಾಗಿ ಚೆನ್ನಾಗಿರುವುದೇ ಇಲ್ಲಿ ಕೈಗೆ ಕಟ್ಟು!

ನನ್ನನ್ನು ಬಹಳ ದಿನ ಕಾಡಿದ್ದು ಮನುಷ್ಯನ ತಲೆಯ ಪ್ರಸಂಗ. ದೇಹವನ್ನು ರಚಿಸುವಾಗ ಆ ದೇವತೆಗಳಿಗೆ ಒಂದು ಇಕ್ಕಟ್ಟು ಒದಗುತ್ತದೆ. ತಲೆಗೆ ದಪ್ಪ ಮೂಳೆಯನ್ನೂ ಮಾಂಸವನ್ನೂ ಹೊದಿಸಿದರೆ ಮನುಷ್ಯನ ಆಯುಷ್ಯ ಇಮ್ಮಡಿ, ಇಲ್ಲವೆ ಅದಕ್ಕೂ ಹೆಚ್ಚಾದೀತು, ನೋವೂ ಕಡಿಮೆಯಾದೀತು. ಆದರೆ ದಪ್ಪ ಹೊದಿಕೆಯೂ ಸೂಕ್ಷ್ಮ ಸಂವೇದನೆಯೂ ಒಂದೆಡೆ ಕೂಡಲಾರವು. ದೀರ್ಘವಾದ ಕೀಳು ಬಾಳೋ, ಹ್ರಸ್ವವಾದ ಮೇಲು ಬಾಳೋ? ಅವರು ಆಲೋಚಿಸಿ ಎರಡನೆಯದನ್ನು ಆಯ್ದು ತಲೆಗೆ ತೆಳುವಾದ ಮೂಳೆಯನ್ನು ಮಾತ್ರ ಹೊದಿಸಿದರು. ನಮ್ಮ ಬುರುಡೆ ತೆಳುವಾಗಿರುವುದು ಅಜಾಗ್ರತೆಯಿಂದಲ್ಲ, ಒಂದು ತೀರ್ಮಾನದಿಂದ ಎಂದಾಯಿತು. ಶರೀರಶಾಸ್ತ್ರವಾಗಿ ಇದನ್ನು ಇಂದು ಯಾರೂ ಒಪ್ಪರು. ಆದರೆ ಒಂದು ಗುಣಕ್ಕೆ ಇನ್ನೊಂದು ಗುಣವನ್ನು ಬೆಲೆಯಾಗಿ ತೆರಬೇಕಾಗುತ್ತದೆ ಎಂಬ ತಿಳಿವಳಿಕೆ ಇದೆಯಲ್ಲ, ಅದು ಹಳೆಯದಾಗಿಲ್ಲ. ಕರುಳನ್ನು ಸುರುಳಿ ಸುತ್ತಿಟ್ಟದ್ದಕ್ಕೂ ಪ್ಲೇಟೋ ಇಂಥದೇ ಕಾರಣ ಕೊಡುತ್ತಾನೆ: ಉಂಡದ್ದು ಬೇಗ ಇಳಿದುಹೋದರೆ ಮನುಷ್ಯನು ಹೊತ್ತುಹೊತ್ತಿಗೂ ಉಣ್ಣುತ್ತಲೇ ಕುಳಿತು ತತ್ತ್ವಚಿಂತನೆಗೆ ಎರವಾದಾನು ಎಂದು. ನಮ್ಮ ದಾಸೋಹದ ಪಂಕ್ತಿಗಳಲ್ಲಿ ಕೆಲವರನ್ನು ನೋಡಿದಾಗ, ಆ ಸುರುಳಿಯನ್ನು ಇನ್ನೂ ಸ್ವಲ್ಪ ಉದ್ದ ಮಾಡಬಹುದಾಗಿತ್ತೇನೋ ಎನ್ನಿಸುವುದುಂಟು.

ಇಷ್ಟು ಮೆಚ್ಚಿದ ಮೇಲೆ ಮೆಚ್ಚದ್ದನ್ನೂ ಹೇಳಬೇಕು. ಅಂಜುಬುರುಕರಾಗಿ, ಅನ್ಯಾಯವಾಗಿ ಬಾಳಿದ ಗಂಡಸರು ಮುಂದಿನ ಜನ್ಮದಲ್ಲಿ ಹೆಣ್ಣಾಗಿ ಹುಟ್ಟುತ್ತಾರೆಂದು ಇದೇ ಗ್ರಂಥದಲ್ಲಿದೆ. ಕರ್ತನ ಇಕ್ಕಟ್ಟುಗಳನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಮನುಕುಲದ ಅರ್ಧವನ್ನು ಶಿಕ್ಷೆಯೆಂದು ಕಂಡಿತು. ದೇಹದ ಕುರುಹುಗಳಿಂದ ಜನರು ಹೆಣ್ಣು ಗಂಡೆಂದು ಕರೆಯುತ್ತಾರೆಯೇ ಹೊರತು ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಸಾರಿದ ಜೇಡರ ದಾಸಿಮಯ್ಯನ ಮುಂದೆ ಪ್ಲೇಟೋವಿನ ಈ ಭಾಗ ತೀರ ಬಡವಾಗಿ ಕಾಣುತ್ತದೆ. ಇನ್ನೊಂದು ವಿಚಿತ್ರವುಂಟು. ಸಂವಾದದ ಆರಂಭದಲ್ಲಿಯೇ ಸಾಕ್ರಟೀಸನು ಆದರ್ಶನಗರದ ಸ್ವರೂಪವನ್ನು ನೆನಪಿಸುತ್ತ, ಬೇಸಾಯಗಾರರನ್ನೂ ಕುಶಲಕರ್ಮಿಗಳನ್ನೂ ರಕ್ಷಕವರ್ಗದಿಂದ ಬೇರೆಯಿರಿಸಿದ್ದನ್ನು ಹೇಳುತ್ತಾನೆ. ದೇವರನ್ನು ಕರ್ಮಿಯೆಂದು ಕರೆಯುವುದು, ಕರ್ಮಿಯನ್ನು ಮಾತ್ರ ಆಳುವವರ ಸಾಲಿನಿಂದ ಹೊರಗಿಡುವುದು!

ಪಶ್ಚಿಮದಲ್ಲಿ ಇದೇ ವಿಚಾರ ಮತ್ತೆ ದೊಡ್ಡದಾಗಿ ತಲೆಯೆತ್ತಿದ್ದು ಜರ್ಮನಿಯ ಲೈಬ್ನಿಟ್ಸನಲ್ಲಿ. 1710ರ ತನ್ನ ‘ಥಿಯೊಡಿಸಿ’ಯಲ್ಲಿ ಅವನು ಕರ್ತನ ಮುಂದೆ ದ್ರವ್ಯದ ಹಟವನ್ನಿಡದೆ, ಸಂಭವಿಸಬಹುದಾದ ಅಸಂಖ್ಯ ಜಗತ್ತುಗಳನ್ನಿಟ್ಟನು. ಕರ್ತನು ಅವುಗಳಲ್ಲಿ ಅತ್ಯುತ್ತಮವಾದುದನ್ನು ಆಯ್ದನು. ಒಂದನ್ನು ತಿದ್ದಹೊರಟರೆ ಅದು ಈ ಜಗತ್ತಾಗಿಯೇ ಉಳಿಯುವುದಿಲ್ಲ ಎಂಬುದು ಅವನ ವಾದ. 1755ರ ನವೆಂಬರ್ 1ರಂದು ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಯಿತು. 1759ರಲ್ಲಿ ವೋಲ್ಟೇರನ ‘ಕಾಂದೀದ್’ ಬಂದು ಆ ವಾದವನ್ನು ನಗೆಪಾಟಲು ಮಾಡಿತು. ಲೈಬ್ನಿಟ್ಸನ ವಾದ ನಗೆಯಿಂದ ಖಂಡಿತವಾಯಿತೆಂದು ನಾನು ಹೇಳಲಾರೆ. ಆದರೆ ನೊಂದವರ ಮನೆಯಲ್ಲಿ ಕುಳಿತು ಅದನ್ನು ಆಡಲು ನಾಲಗೆ ಏಳದು ಎಂಬುದಂತೂ ನಿಜ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಒಂದು ಪ್ರವಚನದಲ್ಲಿ ನಾನು ಶಿವಲೀಲೆಯನ್ನು ಕುರಿತು ಮಾತನಾಡಿದೆ. ಜಗತ್ತು ಪರಶಿವನ ವಿನೋದ, ಬಾಲಕನು ಮರಳಿನ ಮನೆ ಕಟ್ಟಿ ಕೆಡಿಸುವಂತೆ ಎಂದೆಲ್ಲ ಹೇಳಿ ಸಭೆಯ ಮೆಚ್ಚುಗೆಯನ್ನೂ ಗಳಿಸಿದೆ. ಮುಗಿದ ಮೇಲೆ ಹೆಣ್ಣುಮಗಳೊಬ್ಬಳು ನನ್ನ ಬಳಿಗೆ ಬಂದಳು. ನನ್ನ ಶಾಲೆಯಲ್ಲಿಯೇ ಓದಿದವಳು. ಆ ವರುಷ ಅವಳ ಮಗ ತೀರಿಕೊಂಡಿದ್ದ. 11 ವರ್ಷದ ಹುಡುಗ. ಥಲಸ್ಸೀಮಿಯಾ ಎಂಬ ರಕ್ತದ ರೋಗ. ಕೈಗೂಸಾಗಿದ್ದಾಗಿನಿಂದ 3-4 ವಾರಕ್ಕೊಮ್ಮೆ ಆಸ್ಪತ್ರೆಗೆ ಒಯ್ದು ರಕ್ತ ಕೊಡಿಸುತ್ತಿದ್ದರು.

“ಮಾಸ್ತರ, ಆಡಾವ ಅವ, ನೋಯಾವ್ರು ನಾವು. ಇದೆಂಥಾ ಆಟರೀ?” ಎಂದು ಕೇಳಿದಳು.

ನಾನು ಅಭ್ಯಾಸಬಲದಿಂದ ಪೂರ್ವಜನ್ಮದ ಕರ್ಮವೆಂದೆ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. “ಅವಂಗ ಲಿಂಗದೀಕ್ಷಾ ಆಗಿತ್ರೀ. ದೀಕ್ಷಾ ಆದ ಮ್ಯಾಲ ಕರ್ಮ ಸುಟ್ಟು ಹೋಗ್ತೈತಿ ಅಂತ ಸಾಲ್ಯಾಗ ನೀವ ಹೇಳಿದ್ರಿ” ಎಂದು ಹೇಳಿ ಹೋದಳು.

ಗುರುವಿನ ದೀಕ್ಷೆಯಿಂದ ಮಲತ್ರಯ ನಾಶವಾಗುವುದೆಂಬುದು ನಮ್ಮ ಸಿದ್ಧಾಂತ. ಪ್ರಾರಬ್ಧದ ವಿಚಾರವಾಗಿ ಶಾಸ್ತ್ರಕಾರರಲ್ಲಿ ಸಮಾಧಾನಗಳಿಲ್ಲದಿಲ್ಲ. ಅವೆಲ್ಲ ಆ ಕ್ಷಣದಲ್ಲಿಯೇ ನನ್ನ ನೆನಪಿಗೆ ಬಂದವು. ಆದರೆ ಅವು ನ್ಯಾಯಾಲಯದಲ್ಲಿ ವಕೀಲರು ಎತ್ತುವ ತಾಂತ್ರಿಕ ಆಕ್ಷೇಪಗಳಂತೆ ನನಗೇ ತೋರಿ ಬಾಯಿ ಕಟ್ಟಿತು. ಅಂದಿನಿಂದ ಈ ವಿಚಾರದ ಗ್ರಂಥಗಳನ್ನು ಹುಡುಕಿ ಓದತೊಡಗಿದೆ. ‘ಟಿಮೇಯಸ್’ ನನ್ನ ಕೈಗೆ ಬಂದದ್ದೂ ಹೀಗೆಯೇ.

ವೈದ್ಯರು ಅವಳಿಗೆ ರೋಗದ ಮರ್ಮವನ್ನು ವಿವರಿಸಿದ್ದರು. ತಾಯಿತಂದೆಗಳಿಬ್ಬರೂ ವಾಹಕರಾಗಿದ್ದು ಇಬ್ಬರಿಂದಲೂ ದೋಷದ ವಂಶವಾಹಿ ಬಂದರೆ ಮಗುವಿಗೆ ರೋಗ. ಪ್ರತಿಯೊಂದು ಬಸಿರಿನಲ್ಲಿಯೂ ಹಾಗಾಗುವ ಸಂಭವ 4ರಲ್ಲಿ 1. ಒಬ್ಬರಿಂದ ಮಾತ್ರ ಬಂದರೆ ರೋಗವಿಲ್ಲ. ಅಷ್ಟೇ ಅಲ್ಲ, ಮಲೇರಿಯಾ ಜ್ವರದ ಉಗ್ರತೆಯಿಂದ ಅಂಥವರಿಗೆ ಒಂದು ಬಗೆಯ ರಕ್ಷಣೆ ಸಿಕ್ಕುತ್ತದೆಂದೂ, ಆ ವಂಶವಾಹಿ ಮಲೇರಿಯಾದ ಸೀಮೆಗಳಲ್ಲಿ ಇಷ್ಟು ಹರಡಿ ಉಳಿದಿರುವುದಕ್ಕೆ ಅದೇ ಕಾರಣವೆಂದೂ ವಿಜ್ಞಾನಿಗಳು ಹೇಳುತ್ತಾರೆ. ಪ್ಲೇಟೋ ಇದನ್ನು ಕೇಳಿದ್ದರೆ ತನ್ನ ತೆಳುಬುರುಡೆಯ ಪಕ್ಕದಲ್ಲಿಯೇ ಇದಕ್ಕೂ ಸ್ಥಾನ ಕೊಡುತ್ತಿದ್ದನು. ಅನೇಕರನ್ನು ಕಾಯುವುದೇ ಕೆಲವರನ್ನು ಕೊಲ್ಲುವುದು. ಕರ್ತನು ಸಾಧ್ಯವಾದಷ್ಟು ಮಟ್ಟಿಗೆ ಒಲಿಸಿಕೊಂಡನು, ಮಿಕ್ಕದ್ದು ಅನಿವಾರ್ಯತೆಯ ಪಾಲು. ಈ ಉತ್ತರದಲ್ಲಿ ಒಂದು ಸೌಜನ್ಯವುಂಟು. ಅದು ಸತ್ತ ಮಗುವಿನ ಮೇಲೆ ತಪ್ಪು ಹೊರಿಸುವುದಿಲ್ಲ, ದೇವರನ್ನು ನಿರ್ದಯನೆನ್ನುವುದಿಲ್ಲ.

ಆದರೆ ಈ ಉತ್ತರ ನಮಗೆ ದಕ್ಕುವಂಥದಲ್ಲ. ಬಡಗಿಯು ಮರದಲ್ಲಿ ಗಂಟಿತ್ತು ಎನ್ನಬಹುದು. ಜೇಡವು ನೂಲು ಕೆಟ್ಟಿತ್ತು ಎನ್ನಲಾಗದು. ನೂಲು ಬಂದದ್ದು ಅದರ ಒಡಲಿಂದಲೇ. ವೀರಶೈವ ಸಿದ್ಧಾಂತದಲ್ಲಿ ಪರಶಿವನ ಹೊರಗೆ ದ್ರವ್ಯವೆಂಬುದೊಂದು ಇಲ್ಲ. ಮಗ್ಗೆಯ ಮಾಯಿದೇವನು ‘ಅನುಭವಸೂತ್ರ’ದಲ್ಲಿ ನಿರೂಪಿಸುವಂತೆ ಸ್ಥಲವೆಂಬ ಒಂದೇ ಪರವಸ್ತುವು ತನ್ನ ಶಕ್ತಿಯ ಚಲನೆಯಿಂದ ಲಿಂಗಸ್ಥಲ, ಅಂಗಸ್ಥಲ ಎಂದು ಎರಡಾಗುತ್ತದೆ. ಹೊರಗಿನ ಕಟ್ಟು ಇಲ್ಲವೆಂದ ಮೇಲೆ ಹೊರಗಿನ ನೆಪವೂ ಇಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಸೃಷ್ಟಿ ಲೀಲೆಯೆಂದು ಹೇಳಿದ ಕೂಡಲೆ ಕರ್ತನಿಗೆ ಪಕ್ಷಪಾತ, ನಿರ್ದಯತೆ ಎಂಬ ಎರಡು ದೋಷಗಳು ಬರುವುದಿಲ್ಲವೆ ಎಂಬ ಆಕ್ಷೇಪ ಏಳುತ್ತದೆ. ಜೀವರ ಕರ್ಮವನ್ನು ಅನುಸರಿಸಿಯೇ ಅವನು ಸೃಜಿಸುವುದರಿಂದ ದೋಷವಿಲ್ಲವೆಂದು ಅಲ್ಲಿ ಉತ್ತರ. ಭಾಷ್ಯಕಾರರು ಇದನ್ನು ಬಗೆಬಗೆಯಾಗಿ ಸಮರ್ಥಿಸಿದ್ದಾರೆ. ನನ್ನ ಅಲ್ಪಮತಿಗೆ ತೋರುವುದಿಷ್ಟು: ಕರ್ತನು ಅನುಸರಿಸಲೇಬೇಕಾದದ್ದು ಒಂದಿದ್ದರೆ ಅದು ಪ್ಲೇಟೋವಿನ ಅನಿವಾರ್ಯತೆಗೆ ಅಣ್ಣನಾಗಬೇಕು. ಮರದ ಗಂಟಿಗೆ ಬದಲಾಗಿ ಜೀವದ ಗಂಟು. ಕೈ ತಡೆಯುವುದು ಮಾತ್ರ ತಪ್ಪಲಿಲ್ಲ.

ಇನ್ನು ಶರಣರ ಮಾತಿಗೆ ಬರೋಣ. ಸೃಷ್ಟಿಪೂರ್ವದ ಶೂನ್ಯಸ್ಥಿತಿಯನ್ನು, ತತ್ತ್ವಗಳ ಉತ್ಪತ್ತಿಯನ್ನು ವಿವರಿಸುವ ವಚನಗಳು ಹೇರಳವಾಗಿವೆ. ಅವು ಪಾಂಡಿತ್ಯಪೂರ್ಣವಾದವು, ಅವುಗಳನ್ನು ಇಲ್ಲಿ ಬಿಡುತ್ತೇನೆ. ನಮ್ಮ ಪ್ರಶ್ನೆಗೆ ಹತ್ತಿರವಾದವು ಬೇರೆ. ಅಕ್ಕಮಹಾದೇವಿಯ ಒಂದು ವಚನ ಪ್ರಸಿದ್ಧವಾಗಿದೆ. ಜಗತ್ತನ್ನು ಹುಟ್ಟಿಸಿದ್ದು, ಅದಕ್ಕೆ ಪ್ರಪಂಚವನ್ನು ಸುತ್ತಿದ್ದು, ಭವದ ದುಃಖಗಳಲ್ಲಿ ತಿರುಗಿಸಿದ್ದು ಎಲ್ಲವೂ ಅವನ ವಿನೋದ. ಆ ವಿಲಾಸ ಅವನಿಗೆ ಸಾಕೆನ್ನಿಸಿದಾಗ ಪಾಶವನ್ನು ಕಡಿಯುವವನೂ ಅವನೇ ಎಂಬುದು ಅದರ ತಾತ್ಪರ್ಯ. ಇದನ್ನು ನಾನು ಮೂವತ್ತು ವರ್ಷ ತರಗತಿಗಳಲ್ಲಿ ಪಾಠ ಹೇಳಿದ್ದೇನೆ, ಲೀಲಾವಾದದ ಉದಾಹರಣೆಯೆಂದು. ಆ ತಾಯಿಯ ಮಾತನ್ನು ಕೇಳಿದ ಮೇಲೆ ಮತ್ತೆ ಓದಿದಾಗ ಅದರ ಧ್ವನಿಯೇ ಬೇರೆಯಾಗಿ ಕೇಳಿಸಿತು. ಆ ವಚನದಲ್ಲಿ ಕರ್ಮದ ಹೆಸರಿಲ್ಲ, ಜೀವನ ತಪ್ಪಿನ ಹೆಸರಿಲ್ಲ. ಪ್ರತಿಯೊಂದು ಕ್ರಿಯೆಗೂ ಕರ್ತೃಪದ ಒಂದೇ. ಅಕ್ಕ ಅವನನ್ನು ಹೊಗಳುತ್ತಿದ್ದಾಳೆಂದು ನಾವು ತಿಳಿದಿದ್ದೆವು. ಅವಳು ಹೊಣೆಯನ್ನೆಲ್ಲ ಒಂದೊಂದಾಗಿ ಎಣಿಸಿ ಅವನ ಹೆಸರಿಗೇ ಬರೆಯುತ್ತಿದ್ದಾಳೆ. ಅವನನ್ನು ಗಂಡನೆಂದು ಒಪ್ಪಿದವಳಲ್ಲದೆ ಇನ್ನಾರಿಗೆ ಈ ಲೆಕ್ಕ ಬರೆಯುವ ಅಧಿಕಾರವಿದೆ? ಇದು ಬರಿಯ ಲೀಲಾವಾದವೆಂದು ಕಲಿಸಿದ ನನ್ನ ಪಾಠ ತಪ್ಪಾಗಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಪತ್ರಿಕೆಯ ಓದುಗರಾಗಿರುವರು, ಅವರು ತಿದ್ದಿಕೊಳ್ಳಲಿ.

ಹರಿಹರನ ಕುಂಬಾರ ಗುಂಡಯ್ಯನ ರಗಳೆಯನ್ನೂ ಇಲ್ಲಿ ನೆನೆಯಬೇಕು. ಗುಂಡಯ್ಯ ತಾನು ಮಾಡಿದ ಮಡಕೆಯನ್ನೇ ಬಾರಿಸುತ್ತಾನೆ. ಆ ನಾದಕ್ಕೆ ಶಿವನು ಕುಣಿಯುತ್ತಾನೆ. ಪ್ಲೇಟೋವಿನ ಗ್ರಂಥದಲ್ಲಿ ದೇವರು ಕರ್ಮಿಯಂತೆ ಕುಳಿತು ಜಗತ್ತನ್ನು ತಿದ್ದುತ್ತಾನೆ. ಹರಿಹರನಲ್ಲಿ ಕರ್ಮಿಯ ತಾಳಕ್ಕೆ ದೇವರು ಹೆಜ್ಜೆ ಹಾಕುತ್ತಾನೆ. ತಾಳಕ್ಕೆ ಕುಣಿಯುವವನು ತಾಳಕ್ಕೆ ಕಟ್ಟುಬಿದ್ದವನೇ. ಆದರೆ ಆ ಕಟ್ಟನ್ನು ಅವನ ಮೇಲೆ ಯಾರೂ ಹಾಕಿಲ್ಲ. ಜಗತ್ತಿಗಿಂತ, ಮುಗಿಲಿಗಿಂತ ಮಿಗಿಲಾದವನು ಕರಸ್ಥಲಕ್ಕೆ ಬಂದು ಕಿರಿದಾದನೆಂದು ಬಸವಣ್ಣನವರು ಬೆರಗಾದದ್ದೂ ಇದನ್ನೇ ಕುರಿತು. ಶರಣರ ಪ್ರಕಾರ ಕರ್ತನಿಗೆ ಮಿತಿಯಿಲ್ಲವೆಂದಲ್ಲ. ಮಿತಿಯೆಂಬುದು ಅವನ ಒಲವಿನ ಕಾರ್ಯ. ಮಾಯಿದೇವನ ನಿರೂಪಣೆಯಲ್ಲಿಯೂ ಪರವಸ್ತು ಎರಡಾದಾಗ ಶಕ್ತಿಯು ಲಿಂಗದಲ್ಲಿ ಕಲೆಯಾಗಿಯೂ ಅಂಗದಲ್ಲಿ ಭಕ್ತಿಯಾಗಿಯೂ ನಿಲ್ಲುತ್ತದೆ. ಅಖಂಡವಾಗಿಯೇ ಉಳಿದಿದ್ದರೆ ಪೂಜೆಗೊಳ್ಳುವವನಿಲ್ಲ, ಪೂಜಿಸುವವನಿಲ್ಲ. ಒಂದಾಗಿ ಉಳಿಯುವುದೋ, ಭಕ್ತನೊಬ್ಬನನ್ನು ಪಡೆಯುವುದೋ ಎಂಬುದೇ ಅಲ್ಲಿಯ ಆಯ್ಕೆ ಎಂದು ನಾನು ಓದಿಕೊಳ್ಳುತ್ತೇನೆ. ವಿದ್ವಾಂಸರು ಇದನ್ನು ಒಪ್ಪದಿರಬಹುದು.

ಹಾಗಾದರೆ ಆ ತಾಯಿಗೆ ಉತ್ತರ ಸಿಕ್ಕಿತೆ? ಸಿಕ್ಕಲಿಲ್ಲ. ದೇವರು ಒಲವಿನಿಂದ ಕಿರಿದಾದರೆ ಹುಡುಗನ ರಕ್ತ ಏಕೆ ಕೆಡಬೇಕು ಎಂಬುದು ಹಾಗೆಯೇ ನಿಂತಿದೆ. ಈ ಸ್ಥಳದಲ್ಲಿ ಶರಣರು ಮಾಡಿದ್ದೇನೆಂಬುದನ್ನು ಗಮನಿಸಬೇಕು. ಲೈಬ್ನಿಟ್ಸನಂತೆ ಅವರು ಕರ್ತನ ಪರವಾಗಿ ವಾದಿಸಲಿಲ್ಲ. ಕರ್ತನನ್ನೇ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು. ಮುದನೂರಿನ ದಾಸಿಮಯ್ಯ ನೇಯ್ಗೆಯವನು. ಎಳೆ ಕಡಿದರೆ ಕೈ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದು ಅವನಿಗೆ ಮಗ್ಗದಿಂದಲೇ ಗೊತ್ತು. ಅವನು ತನ್ನ ರಾಮನಾಥನಿಗೆ ಹೇಳುವುದೇನು? ಒಡಲಿದ್ದವನು ಹಸಿಯುತ್ತಾನೆ, ಸುಳ್ಳಾಡುತ್ತಾನೆ. ಒಡಲುಳ್ಳವನೆಂದು ನನ್ನನ್ನು ಹಂಗಿಸಬೇಡ, ನೀನೂ ಒಮ್ಮೆ ನನ್ನ ಹಾಗೆ ಒಡಲು ತಾಳಿ ನೋಡು ಎಂಬ ಅರ್ಥದ ಸವಾಲು ಅದು. ಸರ್ವಶಕ್ತನ ಶಕ್ತಿಯಲ್ಲಿ ಒಂದು ಕೊರತೆಯನ್ನು ನೇಕಾರನೊಬ್ಬನು ಬೆರಳಿಟ್ಟು ತೋರಿಸಿದ್ದಾನೆ: ಹಸಿವೆಂದರೇನೆಂದು ಹಸಿಯದವನಿಗೆ ತಿಳಿಯದು. ಪ್ಲೇಟೋ ಕರ್ತನ ಪಕ್ಕದಲ್ಲಿ ನಿಂತು ಅವನ ಇಕ್ಕಟ್ಟನ್ನು ನೋಡಿದನು. ದಾಸಿಮಯ್ಯನು ಕರ್ತನನ್ನೇ ಕರೆದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡನು. ಸೃಷ್ಟಿಯ ಬಗ್ಗೆ ನಾನು ಓದಿದ ಬರಹಗಳಲ್ಲಿ, ಹಗುರವಾಗಿ ಸಮಾಧಾನ ಹೇಳದಿರುವುದರಿಂದಲೇ ನನಗೆ ನೆಮ್ಮದಿ ಕೊಟ್ಟದ್ದು ಈ ಸಣ್ಣ ವಚನವೊಂದೇ.

ಕಳೆದ ಶ್ರಾವಣದಲ್ಲಿ ಅದೇ ಮಠದ ಜಗಲಿಯಲ್ಲಿ ಆ ಹೆಣ್ಣುಮಗಳು ಮತ್ತೆ ಕಂಡಳು. ಪ್ರವಚನಕ್ಕಾಗಿ ಬಂದಿರಲಿಲ್ಲ, ದಾಸೋಹಕ್ಕೆ ರೊಟ್ಟಿ ಬಡಿಯಲು ಬಂದಿದ್ದಳು. ನಾನಾಗಿಯೇ ಹತ್ತಿರ ಹೋಗಿ, ಅಂದು ನಿನಗೆ ಹೇಳಿದ್ದು ತಪ್ಪಾಯಿತವ್ವಾ ಎಂದೆ. ಚೀಲದಿಂದ ಪುಸ್ತಕ ತೆಗೆದು ದಾಸಿಮಯ್ಯನ ಆ ವಚನವನ್ನು ಓದಿದೆ, ಅರ್ಥ ಹೇಳಲಿಲ್ಲ. ಅವಳು ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೇಳಿದಳು.

“ದೇವರಿಗೆ ಹಿಂಗೂ ಅನ್ನಬಹುದೇನ್ರೀ ಮಾಸ್ತರ?”

“ಅಂದಾರವ್ವಾ. ನೂರಾರು ವರ್ಷದ ಹಿಂದೆಯೇ ಅಂದಾರ” ಎಂದೆ.

“ಇನ್ನೊಮ್ಮೆ ಓದ್ರಿ” ಎಂದಳು.